ಕೆಂಪಾಗದ ಬಟ್ಟೆ

ನಮ್ಮ ಗುರು ಅಡಿವೆಪ್ಪಜ್ಜ ಸಾಯಲಿಲ್ಲ. ಹೊಳೆಯ ನೀರಿನ ಮೇಲೆ ಕಾಲಿಟ್ಟು ಆಚೆ ದಂಡೆಗೆ ನಡೆದುಹೋದರು, ಪಾದ ಕೂಡ ತೋಯಲಿಲ್ಲ. ನೋಡಿದವರು ಇಬ್ಬರೇ, ನಾನು ಮತ್ತು ಅಂಬಿಗರ ದುರ್ಗಪ್ಪ. ದುರ್ಗಪ್ಪ ಈಗಿಲ್ಲ.

ಮೊನ್ನೆ ಇದನ್ನು ನೀಲವ್ವನಿಗೆ ಹೇಳುತ್ತಿದ್ದೆ. ನನ್ನ ಹತ್ತಿರ ಮದ್ದು ಅರೆಯುವುದು ಕಲಿಯುತ್ತಾಳೆ.

"ಅವರಿಗೆ ಏನ್ ಜಡ್ಡಾಗಿತ್ರಿ ಮುತ್ಯಾ?" ಅಂದಳು.

ಹೇಳಿದೆ.

ಅಜ್ಜಾರು ರೋಗಿಯ ಮುಖ ನೋಡುತ್ತಿರಲಿಲ್ಲ, ನೀರು ನೋಡುತ್ತಿದ್ದರು. ದಾಸವಾಳದ ಎಸಳು ತಿಕ್ಕಿದ ನೀಲಿ ಬಟ್ಟೆಯ ಮೇಲೆ ಬೆಳಗಿನ ಮೂತ್ರದ ಒಂದು ಹನಿ. ಕೆಂಪಾದರೆ ಮೈಯ ಹುಳಿ ಹೊರಗೆ ಹೋಗುತ್ತಿದೆ ಎಂದರ್ಥ. ಆ ಬಟ್ಟೆಗೆ ಅಂಜಿ ಎಷ್ಟೋ ರೋಗ ನಮ್ಮ ಗುಡಿಸಲು ಮುಟ್ಟುವ ಮೊದಲೇ ತಿರುಗಿ ಓಡುತ್ತಿದ್ದವು.

ಒಂದು ಮಳೆಗಾಲ ಅಜ್ಜಾರ ಉಸಿರು ದೊಡ್ಡದಾಯಿತು. ಕೂತಲ್ಲೇ ಕಮ್ಮಾರನ ತಿದಿ ಊದಿದ ಹಾಗೆ. ಏಳಲು ಬರದಾಯಿತು.

ಅವರ ನೀರನ್ನು ನಾನೇ ಬಟ್ಟೆಗೆ ಹಾಕಿದೆ. ಕೆಂಪಾಗಲಿಲ್ಲ. ಹಸಿರಿಗೆ ತಿರುಗಿತು. ಕುಣಿಯುತ್ತ ಒಳಗೆ ಹೋದೆ.

"ಅಜ್ಜಾರ, ನಿಮ್ಮೊಳಗ ಹುಳೀನ ಇಲ್ರಿ. ನೂರು ವರ್ಷ ಬಾಳ್ತೀರಿ."

"ನಿನ್ನೆ ನಾನು ರೊಟ್ಟಿ ತಿಂದೆನಿಲ್ಲೋ, ಬಾಳ್ಯಾ?"

"ತಿಂದ್ರಿ."

"ಉಂಡದ್ದು ಮೈಯಾಗ ಹುಳಿ ಆಗೂದು ಬಿಟ್ಟೈತೇನು?"

"ಇಲ್ರಿ."

"ಹಂಗಾರ ಆ ಹುಳಿ ಎಲ್ಲಿ ಹೋತು?"

ನಾನು ಬಟ್ಟೆ ಮಡಚಿದೆ.

"ಒಂದಿಷ್ಟು ಉಸಿರಿನಾಗ ಹೋಗತೈತಿ. ಅದಕ್ಕ ಹಿಂಗ ಊದಾಕತ್ತೀನಿ. ಉಳಿದದ್ದು ಮೂತ್ರಪಿಂಡದಾಗ ಹಾದು ಹೋಗಬೇಕು. ಅಲ್ಲಿ ಸಣ್ಣ ಸಣ್ಣ ಕಾಲುವಿ ಕೂಡಿ ಕೊನೀ ಕಾಲುವಿ ಆಗತೈತಿ. ಅದರ ದಂಡಿಗೆ ಎರಡು ನಮೂನಿ ಕಾವಲುಗಾರರು. ಹುಳಿ ಹೆಚ್ಚಾದ್ರ ಒಬ್ಬರು ಹುಳಿ ಹೊರಗ ನೂಕ್ತಾರ. ಕ್ಷಾರ ಹೆಚ್ಚಾದ್ರ ಇನ್ನೊಬ್ಬರು ಕ್ಷಾರ ನೂಕ್ತಾರ. ಅಲ್ಲಿಂದ ಮುಂದ ತಿದ್ದೋರು ಯಾರೂ ಇಲ್ಲ."

"ನಿಮ್ಮ ಕಾವಲುಗಾರರು?"

"ಹುಳಿ ನೂಕೋರು ಮಲಗ್ಯಾರ. ಹೋಗು, ದಂಡಿಯಿಂದ ಒಂದು ಕಪ್ಪೆಚಿಪ್ಪು ತಾ. ನಿಂಬಿರಸದಾಗ ಹಾಕಿಡು."

ಹಾಕಿದೆ. ಚಿಪ್ಪಿನ ಸುತ್ತ ಸಣ್ಣ ಗುಳ್ಳೆ ಎದ್ದವು. ಮರುದಿನ ಬೆಳಿಗ್ಗೆ ಎತ್ತಿದರೆ ಬೆರಳಿಗೇ ಮುರಿಯಿತು.

"ರಸ ನೆಕ್ಕಿ ನೋಡು."

"ಹುಳಿ ಇಳದೈತ್ರಿ."

"ಇಳಿಸಿದ್ದು ಯಾವುದು?"

"ಚಿಪ್ಪು."

ಅಜ್ಜಾರು ನನ್ನ ಕೈ ಹಿಡಿದು ತಮ್ಮ ಮೊಣಕಾಲಿನ ಮೇಲೆ ಇಟ್ಟುಕೊಂಡರು.

"ಇಷ್ಟು ದಿನ ನನ್ನೊಳಗ ಇದು ಇಳಿಸ್ತು."

"ಬಾಳೆದಿಂಡಿನ ಬೂದಿನೀರು ಕುಡಿಸ್ತೀನ್ರಿ. ಕ್ಷಾರ ಅದು. ಹುಳಿ ಅಡಗತೈತಿ."

"ಕುಡಿಸು. ಮೊದಲ ಕುಡಿಸಿದ್ರ ಎಲುಬು ಉಳೀತಿದ್ವು. ಈಗ ನಿನ್ನ ಸಮಾಧಾನಕ್ಕ ಕುಡೀತೀನಿ."

ಕುಡಿಸಿದೆ. ಬಟ್ಟಲು ಹಿಡಿಯಲೂ ಅವರಿಗೆ ಆಗುತ್ತಿರಲಿಲ್ಲ, ನಾನೇ ತುಟಿಗೆ ಹಚ್ಚುತ್ತಿದ್ದೆ. ಪ್ರತಿ ಸಲ "ಸಿಹಿ ಐತಿ" ಎನ್ನುತ್ತಿದ್ದರು. ಬೂದಿನೀರು ಎಲ್ಲಿಯ ಸಿಹಿ.

"ಕಡೀಗೆ ಎದ್ರು, ಹೊಳಿ ಮ್ಯಾಲ ನಡದು ಹೋದ್ರು," ಎಂದು ನೀಲವ್ವನಿಗೆ ಹೇಳಿ ಮುಗಿಸಿದೆ.

ನೀಲವ್ವ ಅರೆಯುವುದನ್ನು ನಿಲ್ಲಿಸಲಿಲ್ಲ.

"ಅಲ್ರಿ ಮುತ್ಯಾ, ಬಟ್ಟಲಾ ಹಿಡಿಯಾಕ ಆಗದವರು ಹೊಳಿ ಹ್ಯಾಂಗ ದಾಟಿದ್ರು?"

"ದಾಟಿದ್ರವಾ."

"ಮತ್ತ ಹಿತ್ತಲದಾಗ ದಿನಾ ದಾಸವಾಳ ಇಡ್ತೀರಲ್ಲ, ಆ ಸಮಾಧಿ ಗದ್ದಿಗಿ ಯಾರ್ದು?"

ಅವಳು ಅರೆದ ಮದ್ದನ್ನು ನಾನು ಬಟ್ಟಲಿಗೆ ಬಳಿದೆ.

"ಹುಳಿ ಆಗ್ಲಿ, ಗುರು ಆಗ್ಲಿ, ಹೊರಗ ಹೋಗಲಾರದ್ದನ್ನ ಎಲ್ಲೆರ ಇಟ್ಕೋಬೇಕಲ್ಲವಾ."