ಸೀಟಿ ಊದದ ಸಾಹೇಬರು

ನನ್ನ ಅಕ್ಷರ ಸೊಟ್ಟ, ಮಾತು ಒರಟು, ಓದುವವರು ಸಹಿಸಿಕೊಳ್ಳಬೇಕು.

ಬೈಕಿನ ಲೈಸೆನ್ಸ್ ಸಿಗದಿದ್ದರೆ ಅಂಗನವಾಡಿ ಸಹಾಯಕಿ ನೀಲವ್ವನಿಗೆ ಬಸ್ಸಿಲ್ಲದ ಹಳ್ಳಿಯ ಕೆಲಸ ಕೈತಪ್ಪುತ್ತಿತ್ತು. ಪರೀಕ್ಷೆಯ ಸಾಹೇಬರೋ, ಎಂಟರ ಆಕಾರದಲ್ಲಿ ಬೈಕು ತಿರುಗಿಸುವವರ ಕಿವಿಯ ಬಳಿಯೇ ಸೀಟಿ ಊದುವರು. ಬೆಚ್ಚಿದವರು ನೆಲಕ್ಕೆ ಕಾಲೂರಿದೊಡನೆ, "ಫೇಲು, ಮನೀಗೆ ನಡಿ" ಎನ್ನುವರು. ಸಾಲಿನಲ್ಲಿದ್ದ ನೀಲವ್ವ ತನ್ನ ಕೂಸನ್ನು ಹೆಗಲಿಗೆ ಹಾಕಿಕೊಂಡು ತಟ್ಟಿ ಮಲಗಿಸಿದಳು.

ಸರದಿ ಬಂದೊಡನೆ ಹೆಗಲ ಮೇಲಿನ ಕೂಸನ್ನು ಸಾಹೇಬರ ತೋಳಿಗಿಟ್ಟಳು. "ಹಿಡಕೊಳ್ರಿ ಸಾಹೇಬ್ರ, ಈಗಷ್ಟೇ ಮಲಗೈತ್ರಿ. ಎದ್ದರ ಸಂಜೀತನಕ ಅಳ್ತೈತ್ರಿ."

ಹೀಗೆಂದು ಬೈಕು ಹತ್ತಿದಳು. ಸಾಹೇಬರ ಸೀಟಿ ಬಾಯಲ್ಲೇ ಇತ್ತು. ಊದುವಷ್ಟರಲ್ಲಿ ಕೂಸು ಮುಖ ಕಿವುಚಿತು. ಸಾಹೇಬರು ಸೀಟಿ ಉಗುಳಿ, "ಜೋ ಜೋ" ಎಂದರು. ನೀಲವ್ವ ಕಾಲೂರದೆ ಎಂಟನ್ನು ಮುಗಿಸಿದಳು.

"ಪಾಸಾದಿ ತಾಯಿ," ಎಂದು ಸಾಹೇಬರು ಪಿಸುಗುಟ್ಟಿದರು. "ಮೊದಲು ಕೂಸನ್ನ ತಗೋ, ನನ್ನ ಅಂಗಿ ತೊಯ್ದೈತಿ."

ತಪ್ಪಿದ್ದರೆ ಓದಿದವರು ಕ್ಷಮಿಸಬೇಕು.