ದೊರೆ ಬಿಡಲಾಗದ ಜೋಡು

“ನನ್ನ ರಾಜ್ಯದಲ್ಲಿ ಇನ್ನು ಮುಂದೆ ಒಂದು ಸಂಸಾರವೂ ಮುರಿಯುವುದಿಲ್ಲ!” ಎಂದು ಸಂಕಾಪುರದ ದೊರೆ ಕೆಂಚರಸ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ.

ಹಾಗೆಂದು ಅವನೇನು ಗಂಡಂದಿರಿಗೆ ಬುದ್ಧಿ ಹೇಳಿರಲಿಲ್ಲ. ಅಷ್ಟು ಕಷ್ಟ ಯಾರಿಗೆ ಬೇಕು? ಕಾನೂನನ್ನೇ ತಿದ್ದಿಬಿಟ್ಟಿದ್ದ. ಮೊದಲಾದರೆ ಹೊಡೆಯುವ ಗಂಡನನ್ನು ಹೆಂಡತಿ ಬಿಡಬಹುದಿತ್ತು. ಅವನು ಹತ್ತಿರ ಸುಳಿಯದಂತೆ ತಳವಾರ ಬಾಗಿಲು ಕಾಯುತ್ತಿದ್ದ. ಈಗ ಎರಡಕ್ಕೂ ಆ ಗಂಡನದೇ ಒಪ್ಪಿಗೆ ಬೇಕು, ಕಣ್ಣಾರೆ ಕಂಡ ಸಾಕ್ಷಿಯೂ ಬೇಕು. “ಜೋಡಿ ಬಿಡಬಾರದು” ಎಂದು ಊರೆಲ್ಲ ಡಂಗುರ ಸಾರಿದ್ದೂ ಆಯಿತು.

ಹೂ ಕಟ್ಟುವ ಹೊನ್ನಾಯಿ ಊದಿದ ತೋಳು ಹಿಡಿದುಕೊಂಡು ಬಂದು ನಿಂತಳು. “ಬುದ್ಧೀ, ನನ್ನ ಗಂಡ ಜಟ್ಟಿ ಬೀರ ಇವತ್ತು ಕೊಂದೇ ಹಾಕ್ತಾನೆ. ಬಿಡಿಸಿಕೊಡಿ.”

“ಅವನು ಒಪ್ಪಿದನೇ?”

“ಇಲ್ಲ.”

“ಸಾಕ್ಷಿ?”

“ಬಾಗಿಲು ಹಾಕ್ಕೊಂಡು ಹೊಡೀತಾನೆ, ಬುದ್ಧಿ.”

“ಸ್ವಲ್ಪ ಹೊಂದಿಕೊಂಡು ಹೋಗು ತಾಯಿ. ಕಾನೂನು ಎಂದರೆ ಕಾನೂನು. ನನಗೂ ಅದೇ!”

ದೊರೆಗೆ ವೀಳ್ಯ ಮಡಿಸಿಕೊಡುವ ನಾಗಲೆಗೆ ಮೈಯೆಲ್ಲ ಉರಿದುಹೋಯಿತು. ಹೊನ್ನಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಉಗ್ರಾಣದಿಂದ ಜರಿ ಕಸೂತಿಯ ಹೊಸ ಜೋಡು ತರಿಸಿದಳು. ದೊರೆಯ ಕಾಲಿಗೆ ಅದು ಎರಡು ಬೆರಳು ಚಿಕ್ಕದು.

“ಇಂಥ ಧರ್ಮಪ್ರಭುವಿನ ಪಾದಕ್ಕೆ ಈ ಜೋಡೇ ಸರಿಯಾದ ಜೋಡಿ” ಎಂದಳು.

ಹೊಗಳಿಕೆ ಕಿವಿಗೆ ಬಿದ್ದರೆ ದೊರೆಗೆ ಅಳತೆ ಕಾಣಿಸುತ್ತಿರಲಿಲ್ಲ. ತುರುಕಿಕೊಂಡ. ಸಭೆಗೆ ಒಂದು ಸುತ್ತು ಹಾಕುವಷ್ಟರಲ್ಲಿ ಮುಖ ಕಿವಿಚಿದ.

“ಅಯ್ಯೋ, ಕಚ್ಚುತ್ತಿದೆ! ಬಿಡಿಸಿ ಇದನ್ನು! ಇನ್ನೊಮ್ಮೆ ನನ್ನ ಕಣ್ಣಿಗೆ ಬೀಳಬಾರದು!”

ಸೇವಕರು ಓಡಿಬಂದರು. ನಾಗಲೆ ಅಡ್ಡ ನಿಂತಳು.

“ಜೋಡು ಬಿಡುವುದೆಂದರೇನು ಪ್ರಭು? ತಮಗೂ ಅದೇ ಕಾನೂನೆಂದು ಈಗ ತಾನೇ ಅಪ್ಪಣೆಯಾಯಿತಲ್ಲ. ಕಚ್ಚಿದ್ದನ್ನು ಕಂಡವರು ಯಾರು?”

“ಒಳಗೆ ಕಚ್ಚುತ್ತಿದೆ ಕಣೇ! ಹೊರಗಿನವರಿಗೆ ಹೇಗೆ ಕಾಣುತ್ತದೆ?”

“ಹೊರಗಿನಿಂದ ಜರಿ ಚೆನ್ನಾಗಿಯೇ ಇದೆ. ಸ್ವಲ್ಪ ಹೊಂದಿಕೊಳ್ಳಿ.”

“ಹಿಮ್ಮಡಿ ಸುಲಿದುಹೋಯಿತು!”

“ಹಾಗಾದರೆ ಜೋಡಿನ ಒಪ್ಪಿಗೆ ಪಡೆಯಿರಿ.”

“ಹುಚ್ಚೀ, ಕಚ್ಚುವ ಜೋಡು ಬಿಡಲು ಒಪ್ಪುತ್ತದೆಯೇ?”

“ಕಚ್ಚುವುದು ಯಾವುದೂ ತಾನಾಗಿ ಬಿಡಲು ಒಪ್ಪುವುದಿಲ್ಲ, ಪ್ರಭು. ಅದಕ್ಕೇ ಹಿಂದಿನವರು ಅದನ್ನು ಕೇಳುತ್ತಿರಲಿಲ್ಲ, ಕಚ್ಚಿಸಿಕೊಂಡವರನ್ನು ಕೇಳುತ್ತಿದ್ದರು.”

ದೊರೆ ಹೊನ್ನಾಯಿಯ ತೋಳಿನ ಕಡೆ ಈಗ ಮೊದಲ ಬಾರಿ ಸರಿಯಾಗಿ ನೋಡಿದ. ನಾಚಿಕೆಯಾಯಿತು, ಆಮೇಲೆ ತನ್ನ ಮೇಲೆ ತನಗೇ ನಗು ಬಂತು. ಹಳೆಯ ಕಾನೂನು ಮರಳಿತು, ಜೋಡೂ ಕಳಚಿತು.

“ಭಲೇ ನಾಗಲೆ! ಏನು ಬಹುಮಾನ ಬೇಕು, ಕೇಳು!”

“ಮೊದಲು ಹೊನ್ನಾಯಿಯ ಬಾಗಿಲಿಗೆ ತಳವಾರನನ್ನು ಕಳಿಸಿ, ಪ್ರಭು. ಬಹುಮಾನ ಕಾಯುತ್ತದೆ, ಜಟ್ಟಿ ಕಾಯುವುದಿಲ್ಲ.”