ಬೆಕ್ಕಮ್ಮನ ಮಡಚು ಚೂರಿ

ಬೆಟ್ಟಗಳಿಗೆ ಬಳಿದ ಹಸಿರು ಆಗಿನ್ನೂ ಒಣಗಿರಲಿಲ್ಲ, ಮುಟ್ಟಿದರೆ ಕೈಗೆ ಅಂಟುತ್ತಿತ್ತು. ನದಿಗೆ ಯಾವ ಕಡೆ ಹೋಗಬೇಕೆಂದು ಸರಿಯಾಗಿ ಗೊತ್ತಿರಲಿಲ್ಲ, ಸಿಕ್ಕವರನ್ನು ದಾರಿ ಕೇಳಿಕೊಂಡು ಹರಿಯುತ್ತಿತ್ತು. ಲೋಕ ಅಷ್ಟು ಹೊಸದಾಗಿದ್ದ ಕಾಲದ ಮಾತು ಇದು, ಮಗಾ. ಕಣ್ಣೊರೆಸಿಕೋ. ಮೂಗೂ ಒರೆಸಿಕೋ, ನನ್ನ ಸೆರಗಿಗೆ ಬೇಡ. ನಿಮ್ಮಪ್ಪ ನಮ್ಮ ಬೆಕ್ಕು ಬೂದಿಯನ್ನು ಬೈದರೆ ಬೈಯಲಿ ಬಿಡು. ಅವಳು ಬಾಗಿಲ ಚೌಕಟ್ಟನ್ನು ಯಾಕೆ ಪರಪರ ಕೆರೆಯುತ್ತಾಳೆ ಅಂತ ಅವನಿಗೇನು ಗೊತ್ತು? ಚಿಕ್ಕವನಿದ್ದಾಗ ಈ ಕಥೆ ಶುರುಮಾಡಿದರೆ ಸಾಕು, ಗೊರಕೆ ಹೊಡೆಯುತ್ತಿದ್ದ. ನೀನಾದರೂ ಕೇಳು.

ಆ ಕಾಲದಲ್ಲಿ ಪ್ರಾಣಿಗಳಿಗೆ ಕೊಂಬೂ ಇರಲಿಲ್ಲ, ಕೋರೆಯೂ ಇರಲಿಲ್ಲ. ಎಲ್ಲರೂ ಬರಿಗೈ. ನದಿಯ ದಂಡೆಯ ಒಂದು ದಿಬ್ಬದ ಮೇಲೆ ಕುಲುಮೆ ಇತ್ತು. ವೀರಾಚಾರಿ ಅನ್ನುವ ಕಮ್ಮಾರ, ಅವನ ಹೆಂಡತಿ ಕಾಳಮ್ಮ, ಅವರ ಹಾಲು ಕುಡಿಯುವ ಕೂಸು, ಇಷ್ಟೇ ಜನ ಅಲ್ಲಿದ್ದದ್ದು. ಕಾಳಮ್ಮ ತಿದಿ ಒತ್ತಿ ಬೆಂಕಿ ಉರಿಸುವಳು, ಆಚಾರಿ ಬಡಿಯುವನು. ಎತ್ತಿನ ಕೊಂಬು, ಹಂದಿಯ ಕೋರೆ, ಗಿಳಿಗೆ ಅಡಕತ್ತರಿಯಂಥ ಕೊಕ್ಕು, ಎಲ್ಲ ಅಲ್ಲೇ ತಯಾರಾದವು.

ಆಚಾರಿಯದು ಒಂದು ಕಟ್ಟುನಿಟ್ಟು. ಹರಿತವಾದದ್ದನ್ನು ಕೈಯಿಂದ ಕೈಗೆ ಕೊಡುತ್ತಿರಲಿಲ್ಲ. ನೆಲಕ್ಕಿಟ್ಟು ಸುಮ್ಮನೆ ಕಾಯುತ್ತಿದ್ದ, ಬೇಕಾದವರೇ ಎತ್ತಿಕೊಳ್ಳಬೇಕು. ಕೈಯಿಂದ ಕೈಗೆ ಕೊಟ್ಟರೆ ಜಗಳ ಬರುತ್ತದೆ ಅನ್ನುವನು. ನಾನು ನಿಮ್ಮಮ್ಮನಿಗೆ ಚಾಕು ಕೊಡುವಾಗ ಹಾಗೇ ಮಾಡುವುದಿಲ್ಲವೇ? ಆ ಪದ್ಧತಿ ಅವನಿಂದ ಬಂದದ್ದು.

ಎಲ್ಲರೂ ಸಾಲಿನಲ್ಲಿ ನಿಂತು ತಮ್ಮ ತಮ್ಮದನ್ನು ಒಯ್ದರು. ಬೆಕ್ಕಮ್ಮ ಮಾತ್ರ ಒಲೆಯ ಮುಂದೆ ಬೆಚ್ಚಗಿನ ಬೂದಿಯಲ್ಲಿ ಮಲಗಿಬಿಟ್ಟಿದ್ದಳು. ಎದ್ದು ಮೈಮುರಿದು ನೋಡುತ್ತಾಳೆ, ಎಲ್ಲ ಖಾಲಿ. ಉಳಿದಿದ್ದು ಒಂದಿಷ್ಟು ತುಂಡು ಚೂರುಗಳು. ಗಿಡ್ಡ, ಬೆನ್ನು ದಪ್ಪ, ತುದಿ ಬಾಗಿದವು. ಆಚಾರಿ ಅವನ್ನೇ ಮಸೆದು ನೆಲಕ್ಕಿಟ್ಟ. ಬೆಕ್ಕಮ್ಮ ಅವನ್ನೇ ಉಗುರು ಮಾಡಿಕೊಂಡು ಖುಷಿಯಾಗಿ ಹೋದಳು. ಆಗ ಆ ಉಗುರು ಒಳಗೆ ಹೋಗುತ್ತಿರಲಿಲ್ಲ. ನಾಯಿಯ ಉಗುರಿನ ಹಾಗೆ ಯಾವಾಗಲೂ ಹೊರಗೇ ಇರುತ್ತಿತ್ತು.

ಕಷ್ಟ ಶುರುವಾದದ್ದು ಮರಿ ಹಾಕಿದ ಮೇಲೆ. ನದಿಯ ಪಕ್ಕದ ಬಂಡೆಯ ಸಂದಿನಲ್ಲಿ ಮೂರು ಮರಿ ಹಾಕಿದಳು. ಮುದ್ದು ಬಂದು ಕಿರಿಮರಿಯ ಮುಖ ಸವರಲು ಕೈ ಚಾಚಿದಳು ನೋಡು, ಮೂಗಿನ ಮೇಲೆ ಗೀರು ಬಿದ್ದು ರಕ್ತ ಬಂತು. ಮರಿ ಚೀರಿಕೊಂಡು ಸಂದಿನ ಒಳಗೊಳಗೆ ಹೋಗಿ ಕೂತಿತು. ತಾಯಿ ಕೈ ಕಂಡರೆ ಮಗು ಓಡಿಹೋಗುವುದು ಅಂದರೆ ಅದಕ್ಕಿಂತ ಸಂಕಟ ಇದೆಯೇನು, ಮಗಾ?

ದೊಡ್ಡವೆರಡು ಹೇಗೋ ಹೊಂದಿಕೊಂಡವು. ಕಿರಿಮರಿ ಮಾತ್ರ ಮರೆಯಲಿಲ್ಲ. ಬೆಕ್ಕಮ್ಮ ಕೈಗಳನ್ನು ಮೈಯಡಿಗೆ ಅಡಗಿಸಿಕೊಂಡು, ಮುಖ ಆಚೆ ತಿರುಗಿಸಿಕೊಂಡು ಮಲಗಿದರೆ ಮೆಲ್ಲಗೆ ಬಂದು ಹಾಲು ಕುಡಿಯುತ್ತಿತ್ತು. ಕೈ ಸ್ವಲ್ಪ ಅಲುಗಿದರೂ ಹಾಲು ಬಿಟ್ಟು ಓಟ. ಬೆಕ್ಕಮ್ಮ ಉಸಿರು ಬಿಗಿಹಿಡಿದು ಮಲಗುತ್ತಿದ್ದಳು.

ಒಂದು ದಿನ ನದಿ ಅವಳನ್ನು ಕರೆದು ಹೇಳಿತು. "ತಂಗೀ, ಮೇಲಿನ ಬೆಟ್ಟದಲ್ಲಿ ಮಳೆ ಹಿಡಿದಿದೆ. ಇಂದೋ ನಾಳೆಯೋ ನಾನು ಉಕ್ಕಿ ಬರುತ್ತೇನೆ. ನಿಲ್ಲೋಣ ಅಂದರೂ ನನ್ನ ಕೈಲಾಗದು. ಮಕ್ಕಳನ್ನು ಎತ್ತರಕ್ಕೆ ಒಯ್ದುಬಿಡು."

ಕುಲುಮೆಯ ದಿಬ್ಬ ಮರಿಗಳನ್ನು ಒಯ್ಯಲು ದೂರ, ಹತ್ತಿರದಲ್ಲಿ ಎತ್ತರದ್ದು ಅಂತ ಇದ್ದದ್ದು ಒಂದೇ ಒಂದು ಮತ್ತಿಮರ. ಬೆಕ್ಕಮ್ಮ ಹತ್ತಿ ನೋಡಿದಳು. ಇಷ್ಟು ದಿನ ಕಲ್ಲಿನ ಮೇಲೆ ಟಕಟಕ ನಡೆದೂ ನಡೆದೂ ಉಗುರು ಮೊಂಡಾಗಿತ್ತು, ಕಾಲು ಜಾರಿತು. ಮರಿಯ ಮೂಗು ಗೀರುವಷ್ಟು ಹರಿತ ಇದೆ, ಮರ ಹಿಡಿಯುವಷ್ಟು ಇಲ್ಲ. ಎಂಥ ಗ್ರಹಚಾರ ನೋಡು.

ನೀರಂಚಿನಲ್ಲಿ ಕೊಕ್ಕರೆ ನಿಂತಿದ್ದ. ಒಂದೇ ಕಾಲಲ್ಲಿ ನಿಂತರೂ ಬುದ್ಧಿ ಹೇಳುವುದಕ್ಕೆ ಮುಂದು. ನುಣ್ಣನೆಯ ಹೊಳೆಗಲ್ಲು ತೊಗೋ, ಉಗುರನ್ನು ಕಲ್ಲಿನ ಮೇಲೆ ಪೂರ್ತಿ ಮಲಗಿಸಿ ಮಸೆ, ತೆಳ್ಳಗಾದಷ್ಟೂ ಹರಿತ, ನನ್ನ ಕೊಕ್ಕು ನೋಡು ಅಂದ. ಅವನ ಕೊಕ್ಕು ಮೀನು ಚುಚ್ಚುವುದಕ್ಕೆ, ಇವಳ ಉಗುರು ಮೈಭಾರ ಹೊರುವುದಕ್ಕೆ ಅನ್ನುವುದನ್ನು ಇಬ್ಬರೂ ಯೋಚಿಸಲಿಲ್ಲ. ಬೆಕ್ಕಮ್ಮ ಕೂತು ಕೂತು ಮಸೆದಳು. ಉಗುರು ಸೂಜಿಯ ಹಾಗಾಯಿತು. ಮರಕ್ಕೆ ನೆಟ್ಟಳು, ಹತ್ತಿದಳು, ಅರ್ಧ ಮರಕ್ಕೆ ಹೋಗುವಷ್ಟರಲ್ಲಿ ತುದಿಗಳು ಚಟಚಟ ಮುರಿದವು. ದೊಪ್ಪನೆ ಕೆಳಗೆ ಬಿದ್ದಳು.

ಕುಂಟುತ್ತ ಕುಲುಮೆಗೆ ಬಂದಳು. ವೀರಾಚಾರಿ ಅವಳ ಉಗುರು ನೋಡಿ ಕೆಂಡವಾದ. ಕ್ಷೌರದ ಕತ್ತಿ ಹಿಡಿದು ಸೌದೆ ಒಡೆಯಲು ಹೋಗುತ್ತಾರೇನೇ ಅಂತ ಬೈದ. ಬೈಯುತ್ತಲೇ ಒರಟು ಸಾಣೆಕಲ್ಲಿನ ಮೇಲೆ ಒಂದೊಂದು ಉಗುರನ್ನೂ ನೆಟ್ಟಗೆ ನಿಲ್ಲಿಸಿ, ಕೊಡಲಿಯ ಬಾಯಿಯ ಹಾಗೆ ದಪ್ಪಗೆ ಮಸೆದುಕೊಟ್ಟ. ಇನ್ನು ನಿನ್ನ ಮೊಮ್ಮಕ್ಕಳ ಕಾಲಕ್ಕೂ ಮುರಿಯದು ಹೋಗು ಅಂದ. ನಿಜ, ಮುರಿಯಲಿಲ್ಲ. ಆದರೆ ಮರದೊಳಗೆ ಇಳಿಯಲೂ ಇಲ್ಲ. ತೊಗಟೆಯ ಮೇಲೆ ಸರ್ರನೆ ಜಾರಿ ಜಾರಿ ಕೆಳಗೇ ಬಂದಳು. ಮಲಗಿಸಿ ಮಸೆದರೆ ಮುರಿಯಿತು, ನಿಲ್ಲಿಸಿ ಮಸೆದರೆ ಜಾರಿತು. ಅಷ್ಟು ಹೊತ್ತಿಗೆ ನದಿಯ ನೀರು ಕೆಂಪಾಗತೊಡಗಿತ್ತು.

ಬೆಕ್ಕಮ್ಮ ಮತ್ತೆ ಬಂದು ಕುಲುಮೆಯ ಹೊಸ್ತಿಲಲ್ಲಿ ಕೂತಳು. ಒಳಗೆ ಕಾಳಮ್ಮ ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಎಲೆಯಡಿಕೆಗೆ ಕೂತಿದ್ದಳು. ಸೊಂಟದ ಚೀಲದಿಂದ ಒಂದು ಗಿಡ್ಡನೆಯ ದಪ್ಪ ಚೂರಿ ತೆಗೆದಳು. ಹಿಡಿಯೊಳಗಿಂದ ಅಲಗು ಬಿಚ್ಚಿ ಅಡಿಕೆ ಕತ್ತರಿಸಿದಳು. ಮತ್ತೆ ಅಲಗನ್ನು ಹಿಡಿಯೊಳಗೆ ಮಡಚಿ ಮಡಿಲಲ್ಲೇ ಇಟ್ಟುಕೊಂಡಳು. ಕೂಸು ಆ ಹಿಡಿಯನ್ನು ಬಾಯಿಗೆ ಹಾಕಿಕೊಂಡು ಚೀಪತೊಡಗಿತು. ಬೆಕ್ಕಮ್ಮನ ಕಣ್ಣು ಅಲ್ಲೇ ನಿಂತಿತು.

"ಅಮ್ಮಾ, ನಿನ್ನ ಮಡಿಲಲ್ಲಿ ಚೂರಿಯೂ ಇದೆ, ಕೂಸೂ ಇದೆ. ಕೂಸಿಗೆ ತಾಗೋದಿಲ್ವಾ?"

"ಮಡಚಿಟ್ಟಿದೀನಲ್ಲೇ, ಯಾಕೆ ತಾಗುತ್ತೆ?"

ಅಷ್ಟು ಕೇಳಿದ್ದೇ ತಡ, ಬೆಕ್ಕಮ್ಮನಿಗೆ ಅಳು ತಡೆಯಲಾಗಲಿಲ್ಲ. ಕಿರಿಮರಿಯ ಮೂಗಿನ ಗೀರು, ಮುಖ ತಿರುಗಿಸಿಕೊಂಡು ಹಾಲು ಕೊಡುವುದು, ಎಲ್ಲ ಹೇಳಿಕೊಂಡಳು. ಕಾಳಮ್ಮನೂ ತಾಯಿಯೇ ತಾನೇ. ಕೂಸನ್ನು ಎದೆಗೆ ಒತ್ತಿಕೊಂಡು ಗಂಡನ ಕಡೆ ತಿರುಗಿದಳು.

"ಏನೂಂದ್ರೆ, ಇವಳಿಗೆ ಮೊದಲು ಬೇಕಾಗಿರೋದು ಮಸೆಯೋದಲ್ಲ, ಮಡಚೋದು."

ಆಚಾರಿ ಗೊಣಗಿದ, ಆದರೆ ಕೆಲಸಕ್ಕೆ ಕೂತ. ಬೆರಳಿಗೊಂದು ಚರ್ಮದ ಒರೆ ಮಾಡಿ, ನರದ ಹುರಿ ಹಾಕಿ, ಬೇಕೆಂದಾಗ ಉಗುರು ಹೊರಬರುವ ಹಾಗೆ, ಬೇಡವೆಂದಾಗ ಒಳಹೋಗುವ ಹಾಗೆ ಕೂರಿಸಿದ. ಹುಟ್ಟಿದ, ಹುಟ್ಟಲಿರುವ ನಿನ್ನ ಮಕ್ಕಳಿಗೆಲ್ಲ ಇದೇ ಬರಲಿ ಅಂದ. ಬೈಗುಳದ ಮನುಷ್ಯ, ಮನಸ್ಸು ಮಾತ್ರ ಬೆಣ್ಣೆ. ಬೆಕ್ಕಮ್ಮ ನಾಲ್ಕು ಹೆಜ್ಜೆ ಹಾಕಿ ನೋಡಿದಳು. ಕಲ್ಲಿನ ಮೇಲೆ ಸದ್ದೇ ಇಲ್ಲ, ಉಗುರು ಸವೆಯುವ ಭಯವೂ ಇಲ್ಲ.

ಇನ್ನು ಮಸೆಯುವುದು ಹೇಗೆ, ಎಷ್ಟು ಓರೆ ಹಿಡಿಯಬೇಕು ಅಂತ ಕೇಳಿದಳು. ಕಾಳಮ್ಮ ತನ್ನ ಚೂರಿಯನ್ನೇ ಬಿಚ್ಚಿ ತೋರಿಸಿದಳು. ದಪ್ಪ ಬೆನ್ನಿನ ಚೂರಿ ಇದು, ನಿನ್ನ ಉಗುರಿನ ಹಾಗೇ, ಪೂರ್ತಿ ಮಲಗಿಸಲೂಬಾರದು, ಪೂರ್ತಿ ನಿಲ್ಲಿಸಲೂಬಾರದು ಅಂದಳು. ನಡುವೆ ಎಲ್ಲಿ ಅಂದರೆ ಅವಳಿಗೂ ಬಾಯಲ್ಲಿ ಹೇಳಲು ಬರದು.

"ನನ್ನ ಚೂರಿಗೆ ಓರೆ ಕಲಿಸಿದ್ದು ಅಡಿಕೆ. ಸ್ವಲ್ಪ ಮಸಿತೀನಿ, ಅಡಿಕೆ ಕತ್ತರಿಸಿ ನೋಡ್ತೀನಿ, ಆಮೇಲೆ ತಿದ್ದಿಕೊಳ್ತೀನಿ. ನಿನ್ನ ಉಗುರು ಏನನ್ನ ಕಚ್ಚಬೇಕೋ ಅದನ್ನೇ ಹೋಗಿ ಕೇಳು ಮಗಳೇ. ಕಲ್ಲನ್ನ ಕೇಳಬೇಡ."

ಬೆಕ್ಕಮ್ಮ ಮತ್ತಿಮರದ ಹತ್ತಿರ ಓಡಿದಳು. ನಿನ್ನ ಮೈಮೇಲೆ ಉಗುರು ಮಸೆದುಕೊಳ್ಳಲೇ, ನೋವಾಗುತ್ತದೆಯೇ ಅಂತ ಸಂಕೋಚದಿಂದ ಕೇಳಿದಳು. ಮತ್ತಿಮರದ ತೊಗಟೆ ನೋಡಿದ್ದೀಯಲ್ಲ, ಮೊಸಳೆಯ ಬೆನ್ನಿನ ಹಾಗೆ ಬಿರುಕು ಬಿರುಕು.

"ನೋವೇ?" ಅಂತ ಮರ ನಕ್ಕಿತು. "ಹುಟ್ಟಿದಾಗಿನಿಂದ ಬೆನ್ನು ತುರಿಸುತ್ತಿದೆ ತಾಯಿ. ನನಗೆ ಕೈಯಿಲ್ಲ. ಕೆರಿ, ಚೆನ್ನಾಗಿ ಕೆರಿ."

ಬೆಕ್ಕಮ್ಮ ಹಿಂಗಾಲಲ್ಲಿ ನಿಂತಳು. ಕೈ ಎತ್ತರಕ್ಕೆ ಚಾಚಿ, ಉಗುರು ಬಿಚ್ಚಿ, ಮೈಭಾರ ಬಿಟ್ಟು ಪರಪರ ಕೆಳಗೆಳೆದಳು. ಉಗುರಿನ ಬಾಗು ತಾನೇ ತನ್ನ ಓರೆಯನ್ನು ಹಿಡಿಯಿತು. ಹೆಚ್ಚಾದರೆ ಜಾರುವುದು, ಕಡಿಮೆಯಾದರೆ ಸಿಕ್ಕಿಕೊಳ್ಳುವುದು, ಸರಿಯಾದಾಗ ಸುಮ್ಮನೆ ಕಚ್ಚುವುದು. ಕೆರೆದಂತೆಲ್ಲ ಆಚಾರಿಯ ದಪ್ಪ ಬಾಯಿ ಈರುಳ್ಳಿ ಸಿಪ್ಪೆಯ ಹಾಗೆ ಕಳಚಿತು, ಕೆಳಗೆ ಹೊಸ ಮೊನೆ ಕಾಣಿಸಿತು. ಮರ, ಅಲ್ಲೇ, ಇನ್ನೂ ಸ್ವಲ್ಪ ಮೇಲೆ ಅನ್ನುತ್ತಿತ್ತು.

ಅಷ್ಟರಲ್ಲಿ ನದಿ ಬಂದೇ ಬಿಟ್ಟಿತು. ಬೆಕ್ಕಮ್ಮ ಬಂಡೆಗೆ ಓಡಿ ದೊಡ್ಡ ಮರಿಯ ಕತ್ತನ್ನು ಬಾಯಲ್ಲಿ ಕಚ್ಚಿ ಮರಕ್ಕೊಯ್ದಳು, ಎರಡನೆಯದನ್ನೂ ಒಯ್ದಳು. ಉಗುರು ಮುರಿಯಲಿಲ್ಲ, ಜಾರಲಿಲ್ಲ. ಕಿರಿಮರಿಗಾಗಿ ಬರುವಷ್ಟರಲ್ಲಿ ನೀರು ಸಂದಿನ ಬಾಯಿಗೆ ಬಂದಿತ್ತು. ಮರಿ ಒಳಗೆ, ತೀರ ಮೂಲೆಯಲ್ಲಿ. ಬೆಕ್ಕಮ್ಮನ ತಲೆ ಅಲ್ಲಿಗೆ ಹಿಡಿಯದು. ಹಿಡಿಯುವುದು ಕೈ ಒಂದೇ, ಆ ಕೈ ಕಂಡರೇ ಮರಿಗೆ ಪ್ರಾಣಭಯ. ಕೈ ಒಳಗೆ ಬಂದದ್ದೇ ಅದು ಇನ್ನೂ ಹಿಂದಕ್ಕೆ, ಇನ್ನೂ ಕಿರಿದಾದ ಬಿರುಕಿನೊಳಕ್ಕೆ ಸರಿಯಿತು.

ಉಗುರು ಹಾಕಿ ಎಳೆಯಬಹುದಿತ್ತು, ಮಗಾ. ಎಳೆಯಲು ಹೋದರೆ ಮರಿ ಇನ್ನೂ ಒಳಗೆ ಹೋಗಿ ಸಿಕ್ಕಿಕೊಳ್ಳುತ್ತಿತ್ತು. ಬೆಕ್ಕಮ್ಮನಿಗೆ ವೀರಾಚಾರಿ ನೆನಪಾದ. ಹರಿತವಾದದ್ದನ್ನು ನೆಲಕ್ಕಿಟ್ಟು ಕಾಯಬೇಕು, ಬೇಕಾದವರೇ ಎತ್ತಿಕೊಳ್ಳಬೇಕು. ಉಗುರನ್ನೆಲ್ಲ ಒಳಗೆ ಮಡಚಿದಳು. ಕೈಯನ್ನು ಮರಿಯ ಮುಂದೆ ನೆಲದ ಮೇಲೆ ಇಟ್ಟಳು. ಇಟ್ಟು ಸುಮ್ಮನಾದಳು. ನೀರು ಅವಳ ಹೊಟ್ಟೆಗೆ ಬಂತು. ಅವಳು ಕೈ ಅಲುಗಿಸಲಿಲ್ಲ.

"ಮಡಚಿದ್ದೀನಿ ಕಂದಾ. ಮುಟ್ಟಿ ನೋಡು," ಅಂದಳು.

ಮರಿ ನೋಡಿತು. ಮೂಸಿತು. ಗೀರು ಬಿದ್ದಿದ್ದ ಆ ಪುಟ್ಟ ಮೂಗನ್ನು ಮುಂದೆ ತಂದು ಕೈಗೆ ತಾಗಿಸಿತು. ಮೆತ್ತಗಿತ್ತು, ಬೆಚ್ಚಗಿತ್ತು. ಇನ್ನೊಮ್ಮೆ ತಾಗಿಸಿತು. ಆಮೇಲೆ ಆ ಕೈಯನ್ನೇ ತಬ್ಬಿಕೊಂಡು ಹೊರಗೆ ಬಂತು. ಬೆಕ್ಕಮ್ಮ ಅದರ ಕತ್ತು ಕಚ್ಚಿಕೊಂಡು ನೀರಿನಲ್ಲೇ ಓಡಿ ಮತ್ತಿಮರ ಹತ್ತಿದಳು.

ನದಿ ಮರದ ಬುಡ ಸವರಿಕೊಂಡು ಹೋಗುತ್ತ ಅಳುಕಿನಿಂದ ಕೇಳಿತಂತೆ, ಎಲ್ಲರೂ ಇದ್ದೀರಾ ಅಂತ. ಮೂವರೂ ಇದ್ದಾರೆ ಅಕ್ಕಾ, ನೀನು ಹೋಗಿ ಬಾ ಅಂದಳು ಬೆಕ್ಕಮ್ಮ. ಕುಲುಮೆಯವರು ಏನಾದರು ಅಂತ ತಾನೇ ನಿನ್ನ ಪ್ರಶ್ನೆ? ಅವರದು ದಿಬ್ಬದ ಮೇಲೆ, ಚೆನ್ನಾಗಿದ್ದರು. ಮೇಲೆ ಕವಲಿನಲ್ಲಿ ಕಿರಿಮರಿ ತಾಯಿಯ ಹೊಟ್ಟೆಗೆ ಒರಗಿ, ಮೊದಲ ಸಲ ಅವಳ ಮುಖ ನೋಡುತ್ತ ಹಾಲು ಕುಡಿಯಿತು. ಕುಡಿಯುತ್ತ ತನ್ನ ಪುಟ್ಟ ಉಗುರನ್ನು ಬಿಚ್ಚಿ ಮಡಚಿ, ಬಿಚ್ಚಿ ಮಡಚಿ, ಅಮ್ಮನ ಹೊಟ್ಟೆ ಒತ್ತಿತು. ಬೆಕ್ಕಮ್ಮ ಆ ಮರಿಯ ಮೂಗನ್ನು ಕೈಯಿಂದ ಸವರಿದಳು, ಸವರಿದಳು, ಎಷ್ಟು ಸವರಿದರೂ ಅವಳಿಗೆ ಸಾಕಾಗಲಿಲ್ಲ.

ನಮ್ಮ ಬಾಗಿಲ ಚೌಕಟ್ಟು ಯಾವ ಮರದ್ದು ಗೊತ್ತಾ? ಮತ್ತಿಮರದ್ದು. ನಿಮ್ಮಪ್ಪನಿಗೆ ಹೇಳು, ಒಂದು ಮತ್ತಿಯ ಕೊರಡು ತಂದು ಮೂಲೆಯಲ್ಲಿ ನಿಲ್ಲಿಸಲಿ, ಬಾಗಿಲು ಉಳಿಯುತ್ತದೆ, ಬೂದಿಯನ್ನು ಓಡಿಸುವ ಮಾತು ಬೇಡ. ಅಗೋ, ಬಂದಳು ನೋಡು ಕಳ್ಳಿ, ಹೆಸರು ಹೇಳಿದ್ದು ಕೇಳಿಸಿತು. ಅದಕ್ಕೇ ಮಗಾ, ಇವತ್ತಿಗೂ ಬೆಕ್ಕು ಮರ ಕಂಡಲ್ಲಿ ಎದ್ದುನಿಂತು ಉಗುರೆಲ್ಲ ಬಿಚ್ಚಿ ಕೆರೆಯುವುದು, ಆಮೇಲೆ ಅವನ್ನೆಲ್ಲ ಮಡಚಿಕೊಂಡು ಬಂದು, ನಿನ್ನ ಪಕ್ಕದಲ್ಲಿ ಕೈ ನೆಲಕ್ಕಿಟ್ಟು, ನೀನೇ ಮುಟ್ಟು ಅಂತ ಕಾಯುತ್ತ ಕೂರುವುದು.